ವೃದ್ಧಿಯೂ ಅಪಾಯವೂ: ಮಿತಾಕ್ಷರೆಯ ಒಂದು ಪ್ರಕರಣವೂ ಇಂದಿನ ಧನಾರ್ಜನ ಶಿಬಿರಗಳೂ

ಹಣವನ್ನು ಬೆಳೆಸುವ ಉಪಾಯವನ್ನು ಹಣ ಪಡೆದು ಕಲಿಸುವ ಶಿಬಿರಗಳು ಈಗ ಮುಂಬಯಿ ಬೆಂಗಳೂರುಗಳಿಗೆ ಮಾತ್ರ ಸೇರಿದವಲ್ಲ. ಹೈದರಾಬಾದಿನಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಹುಮನಾಬಾದಿನಲ್ಲಿಯೂ, ಅದೇ ದಾರಿಯಲ್ಲಿ ಮುಂದೆ ಸಸ್ತಾಪುರ ಬಂಗ್ಲಾದ ಬಳಿ ಒಳಕ್ಕೆ ತಿರುಗಿದರೆ ದೊರೆಯುವ ಬಸವಕಲ್ಯಾಣದಲ್ಲಿಯೂ ಅವುಗಳ ಕರೆ ಮೊಬೈಲಿನ ಮೂಲಕ ಮನೆಮನೆಗೆ ಮುಟ್ಟಿದೆ. ತೊಗರಿಯನ್ನೋ ಸೋಯಾವನ್ನೋ ಮಾರಿ ಬಂದ ಹಣವುಳ್ಳ ರೈತನೂ, ತಿಂಗಳ ಸಂಬಳದ ಶಿಕ್ಷಕನೂ, ಅಂಗಡಿಯ ದುಡಿಮೆಯಲ್ಲಿ ನಾಲ್ಕು ಕಾಸು ಉಳಿಸಿದ ವರ್ತಕನೂ ಆ ಕರೆಗೆ ಕಿವಿಗೊಡುತ್ತಿದ್ದಾರೆ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಈ ವಿಷಯಕ್ಕೆ ಎಡೆಯೇನೆಂದು ವಾಚಕರು ಕೇಳಬಹುದು. ಕಾರಣಗಳು ಎರಡು. ಮೊದಲನೆಯದು, ಸಾಲ, ಬಡ್ಡಿ ಮತ್ತು ಅಪಾಯ ಇವುಗಳ ಸಂಬಂಧವನ್ನು ಸ್ಪಷ್ಟವಾಗಿ ಹೇಳಿದ ಒಂದು ಪ್ರಾಚೀನ ಗ್ರಂಥವು ಇದೇ ಕಲ್ಯಾಣದಲ್ಲಿ ಹುಟ್ಟಿತು. ಎರಡನೆಯದು, ಲಾಭದ ಆಶ್ವಾಸನೆಯನ್ನು ಪರೀಕ್ಷಿಸುವ ಕ್ರಮಕ್ಕೂ ಶಾಸನವನ್ನೋ ಕಾವ್ಯವನ್ನೋ ಆಕರವಾಗಿ ಪರೀಕ್ಷಿಸುವ ಕ್ರಮಕ್ಕೂ ಭೇದವಿಲ್ಲ. ಇತಿಹಾಸದ ವಿದ್ಯಾರ್ಥಿಯು ತರಗತಿಯಲ್ಲಿ ಕಲಿಯುವ ಸಂದೇಹವೇ ಮನೆಯ ಹಣವನ್ನು ಕಾಯುವುದಕ್ಕೂ, ಹೂಡಿಕೆಯ ವಿದ್ಯೆಯನ್ನು ಸ್ವತಂತ್ರವಾಗಿ ಕಲಿಯುವುದಕ್ಕೂ ಸಾಕಾಗುತ್ತದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

1. ಕಲ್ಯಾಣದ ಶಾಸ್ತ್ರವಾಕ್ಯ

ಕಲ್ಯಾಣವು ಹನ್ನೊಂದನೆಯ ಶತಮಾನದ ನಡುವಿನಲ್ಲಿ ಒಂದನೆಯ ಸೋಮೇಶ್ವರನ ಕಾಲಕ್ಕೆ ಚಾಲುಕ್ಯರ ರಾಜಧಾನಿಯಾಯಿತು. ಅವನ ಮಗನಾದ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಆ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಗ್ರಂಥಾಂತ್ಯದ ಶ್ಲೋಕಗಳಲ್ಲಿ ಅವನು ಕಲ್ಯಾಣಪುರವನ್ನೂ ಅದರ ಅರಸನನ್ನೂ ಕೊಂಡಾಡಿದ್ದಾನೆ. ಆಸ್ತಿಯ ವಿಭಾಗಕ್ಕೆ ಸಂಬಂಧಿಸಿದ ಭಾಗದಿಂದಾಗಿ ಮಿತಾಕ್ಷರೆಯ ಹೆಸರು ನ್ಯಾಯಾಲಯಗಳಲ್ಲೆಲ್ಲ ಪ್ರಸಿದ್ಧವಾಯಿತು. ಆದರೆ ಸಾಲವನ್ನು ಕುರಿತ ಋಣಾದಾನ ಪ್ರಕರಣವನ್ನು ಓದುವವರು ಕಡಮೆ.

ಮೂಲಸ್ಮೃತಿಯ ನಿಯಮ ಹೀಗಿದೆ. ಒತ್ತೆಯಿಟ್ಟು ತೆಗೆದ ಸಾಲಕ್ಕೆ ತಿಂಗಳೊಂದಕ್ಕೆ ಮೂಲಧನದ ಎಂಬತ್ತನೆಯ ಒಂದು ಭಾಗ ಬಡ್ಡಿ. ಎಂದರೆ ನೂರಕ್ಕೆ ಒಂದೂಕಾಲು, ವರ್ಷಕ್ಕೆ ನೂರಕ್ಕೆ ಹದಿನೈದು. ಒತ್ತೆಯಿಲ್ಲದ ಸಾಲಕ್ಕೆ ವರ್ಣಕ್ರಮದಂತೆ ತಿಂಗಳಿಗೆ ನೂರಕ್ಕೆ ಎರಡು, ಮೂರು, ನಾಲ್ಕು, ಐದು. ಕಾಡುದಾರಿಯಲ್ಲಿ ವ್ಯಾಪಾರಕ್ಕೆ ಹೋಗುವವರು ನೂರಕ್ಕೆ ಹತ್ತು, ಸಮುದ್ರಕ್ಕೆ ಹೋಗುವವರು ನೂರಕ್ಕೆ ಇಪ್ಪತ್ತು ಕೊಡತಕ್ಕದ್ದು. ಇಲ್ಲವೆ ತಾವು ಒಪ್ಪಿಕೊಂಡಷ್ಟನ್ನು ಯಾರಾದರೂ ಕೊಡಬಹುದು. ವರ್ಣಕ್ಕೊಂದು ಬಡ್ಡಿಯೆಂಬ ನಿಯಮದ ಅನ್ಯಾಯವನ್ನು ಮರೆಮಾಡಬೇಕಾಗಿಲ್ಲ. ಕೆಳಗಿನವನೆಂದು ಎಣಿಸಲ್ಪಟ್ಟವನೇ ಎಲ್ಲರಿಗಿಂತ ಹೆಚ್ಚು ತೆರಬೇಕಾಗಿದ್ದಿತು. ಆ ವರ್ಣಕ್ರಮವನ್ನೇ ಪ್ರಶ್ನಿಸಿದ ಶರಣರು ಮುಂದಿನ ತಲೆಮಾರುಗಳಲ್ಲಿ ಇದೇ ಊರಿನಲ್ಲಿ ನೆರೆದರು ಎಂಬುದೂ, ಅವರ ನಾಯಕನಾದ ಬಸವಣ್ಣನು ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದನೆಂಬುದೂ ಸರ್ವವಿದಿತ.

ನಮ್ಮ ಪ್ರಕೃತ ವಿಷಯಕ್ಕೆ ಬೇಕಾದುದು ಕಾಡಿನ ಮತ್ತು ಕಡಲಿನ ಬಡ್ಡಿ. ವರ್ಷಕ್ಕೆ ಲೆಕ್ಕ ಹಾಕಿದರೆ ಒತ್ತೆಯ ಸಾಲಕ್ಕೆ ನೂರಕ್ಕೆ 15, ಕಾಡಿನವನಿಗೆ 120, ಕಡಲಿನವನಿಗೆ 240. ಇಷ್ಟು ಅಂತರವೇಕೆ? ವ್ಯಾಖ್ಯಾನಕಾರನ ಸಮಾಧಾನವು ಸರಳವಾಗಿದೆ: ಇವರು ಹೆಚ್ಚಿನ ಲಾಭಕ್ಕಾಗಿ ಪ್ರಾಣಕ್ಕೂ ಧನಕ್ಕೂ ನಾಶದ ಶಂಕೆಯಿರುವ ಎಡೆಗಳನ್ನು ಹೊಗುತ್ತಾರೆ, ಅಲ್ಲಿ ಬಡ್ಡಿಯಷ್ಟೇ ಅಲ್ಲ, ಅಸಲೇ ಹೋಗಬಹುದು. ಎಂದರೆ, ಹೆಚ್ಚಿನ ವೃದ್ಧಿಯು ಸಾಲಿಗನ ಜಾಣತನಕ್ಕೆ ಸಲ್ಲುವ ಬಹುಮಾನವಲ್ಲ. ಅಸಲು ಮುಳುಗುವ ಸಂಭವಕ್ಕೆ ಕಟ್ಟಿದ ಬೆಲೆ. ಒತ್ತೆಯ ಭದ್ರತೆಯೂ ಕಡಲಿನ ಲಾಭವೂ ಒಬ್ಬನಿಗೇ ಒಂದೇ ಕಾಲದಲ್ಲಿ ದೊರೆಯುವ ಪಂಕ್ತಿಯೊಂದು ಆ ಪ್ರಕರಣದಲ್ಲಿ ಎಲ್ಲಿಯೂ ಇಲ್ಲ.

ಇದರೊಡನೆ ಪತ್ರವನ್ನು ಕುರಿತ ಲೇಖ್ಯ ಪ್ರಕರಣವನ್ನೂ ಗಮನಿಸಬೇಕು. ಸಾಲಪತ್ರದಲ್ಲಿ ವರ್ಷ, ತಿಂಗಳು, ಪಕ್ಷ, ದಿನಗಳೂ, ಕೊಟ್ಟವನ ಮತ್ತು ಕೊಂಡವನ ಹೆಸರುಗಳೂ, ಅವರ ತಂದೆಯರ ಹೆಸರುಗಳೂ ಇರಬೇಕು. ಸಾಲಗಾರನು ಸ್ವಹಸ್ತದಿಂದ ಒಪ್ಪಿಗೆ ಹಾಕಬೇಕು. ಸಾಕ್ಷಿಗಳೂ ಬರೆದವನೂ ತಮ್ಮ ಹೆಸರನ್ನು ತಾವೇ ಬರೆಯಬೇಕು. ಕಂತಿನಲ್ಲಿ ತೀರಿಸಿದರೆ ಪತ್ರದ ಬೆನ್ನಿನ ಮೇಲೆ ಗುರುತು ಹಾಕಬೇಕು; ಪೂರ್ಣ ತೀರಿದ ಮೇಲೆ ಪತ್ರವನ್ನು ಹರಿಯಬೇಕು. ಯಾರು, ಎಂದು, ಎಷ್ಟು, ಯಾರ ಎದುರಿಗೆ, ತಪ್ಪಿದರೆ ಹೊಣೆ ಯಾರದು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ ಹಣದ ಮಾತು ಒಂಬೈನೂರು ವರ್ಷಗಳ ಹಿಂದಿನ ಕಲ್ಯಾಣದಲ್ಲಿ ಪ್ರಮಾಣವೆನಿಸುತ್ತಿರಲಿಲ್ಲ.

2. ಹುಮನಾಬಾದಿನ ಒಂದು ಸಭೆ

ಈ ಶಾಸ್ತ್ರವಾಕ್ಯವನ್ನು ತರಗತಿಯಲ್ಲಿ ಪಾಠ ಹೇಳಿದವನು ಅದನ್ನು ಮರೆಯಲಾರನೆಂದು ಭಾವಿಸಿದರೆ ತಪ್ಪಾಗುತ್ತದೆ. ಈ ಲೇಖಕನು ಕೆಲವು ವರ್ಷಗಳ ಹಿಂದೆ ಹುಮನಾಬಾದಿನ ಒಂದು ಮದುವೆಯ ಮಂಟಪದಲ್ಲಿ ನಡೆದ ಧನಾರ್ಜನ ಸಭೆಗೆ ಹೋಗಿದ್ದನು. ಪ್ರವೇಶ ಉಚಿತವಾಗಿದ್ದಿತು. ಭಾಷಣಕಾರರು ಮೊದಲು ಬಡತನದ ತಮ್ಮ ಬಾಲ್ಯವನ್ನು ವರ್ಣಿಸಿದರು. ಅನಂತರ ತೆರೆಯ ಮೇಲೆ ಲಾಭದ ಅಂಕಿಗಳನ್ನು ತೋರಿಸಿದರು. ಆಮೇಲೆ ಈ ವಿದ್ಯೆಯಿಂದ ನೌಕರಿಯನ್ನೇ ಬಿಟ್ಟೆವೆಂದು ಹೇಳಿಕೊಂಡ ಮೂವರನ್ನು ವೇದಿಕೆಗೆ ಕರೆದರು. ಕೊನೆಯಲ್ಲಿ, ಎರಡು ದಿನದ ಶಿಬಿರದ ಬೆಲೆ 40,000 ರೂಪಾಯಿಯಾದರೂ ಅಂದಿನ ಸಂಜೆಯೊಳಗೆ ಸೇರಿದವರಿಗೆ 12,000 ಮಾತ್ರ ಎಂದು ಸಾರಿದರು.

ಆಗ ಹಿಂದಿನ ಸಾಲಿನಿಂದ, ಬಸವಕಲ್ಯಾಣದ ಕಡೆಯವರೆಂದು ತೋರುತ್ತಿದ್ದ ಹಿರಿಯ ರೈತರೊಬ್ಬರು ಎದ್ದು, “ಮುಳುಗಿದ್ರ ಯಾರ್ ಕೊಡ್ತಾರ್ರೀ?” ಎಂದು ಕೇಳಿದರು. ಇಂಥ ಯೋಚನೆಯೇ ಬಡವರನ್ನು ಬಡವರನ್ನಾಗಿ ಉಳಿಸುತ್ತದೆ ಎಂಬುದು ವೇದಿಕೆಯಿಂದ ಬಂದ ಉತ್ತರ. ಸಭೆ ನಕ್ಕಿತು. ಈ ಲೇಖಕನೂ ನಕ್ಕನು. ನಕ್ಕು, 12,000 ರೂಪಾಯಿ ಕೊಟ್ಟು, ಹೆಸರು ಬರೆಯಿಸಿದನು. ಶಿಬಿರದಲ್ಲಿ ಹೇಳಿಕೊಟ್ಟಂತೆ ನಾಲ್ಕು ತಿಂಗಳು ವ್ಯವಹರಿಸಿ, ಮನೆಯ ಮಾಳಿಗೆಯ ದುರಸ್ತಿಗೆಂದು ಕೂಡಿಟ್ಟ ಹಣದ ಬಹುಭಾಗವನ್ನು ಕಳೆದುಕೊಂಡನು. ದುರಸ್ತಿಯು ಎರಡು ಮಳೆಗಾಲ ಮುಂದಕ್ಕೆ ಹೋಯಿತು. ಆ ಎರಡು ಮಳೆಗಾಲ ಸೋರಿಕೆಯ ಕೆಳಗೆ ಪಾತ್ರೆಯಿಡುವಾಗಲೆಲ್ಲ ಆ ಹಿರಿಯರ ಪ್ರಶ್ನೆ ನೆನಪಿಗೆ ಬರುತ್ತಿದ್ದಿತು. ಅವರು ಕೇಳಿದ್ದು ಸಾಮುದ್ರ ವ್ಯಾಪಾರಿಯ ಸಾಲವನ್ನು ಕುರಿತು ವಿಜ್ಞಾನೇಶ್ವರನು ಎತ್ತಿಕೊಂಡ ಪ್ರಶ್ನೆಯನ್ನೇ.

ಅನಂತರ ಶಿಬಿರದಲ್ಲಿ ಬರೆದುಕೊಂಡ ಪುಸ್ತಕವನ್ನು ಒಂದು ಹಸ್ತಪ್ರತಿಯನ್ನು ಓದುವಂತೆ ಓದಿ ನೋಡಲಾಯಿತು. ಸರಿಯೋ ತಪ್ಪೋ ಎಂದು ಪರೀಕ್ಷಿಸಬಹುದಾದ ವಾಕ್ಯಗಳು ಬೆರಳಿನಲ್ಲಿ ಎಣಿಸುವಷ್ಟು. ಅವೆಲ್ಲವೂ ಸರ್ಕಾರದ ಉಚಿತ ಪುಸ್ತಿಕೆಗಳಲ್ಲಿ ದೊರೆಯುವಂಥವು. ಉಳಿದುದೆಲ್ಲ ಧೈರ್ಯವಚನ. ಅಲ್ಲಿ ಮಾರಾಟವಾದುದು ವಿದ್ಯೆಯಲ್ಲ, ಸಂದೇಹದಿಂದ ಬಿಡುಗಡೆ.

ಶುಲ್ಕ ಪಡೆದು ಕಲಿಸುವುದೇ ದೋಷವೆಂದು ಇದರ ಅರ್ಥವಲ್ಲ. ಈ ಲೇಖಕನೂ ಸಂಬಳ ಪಡೆದು ಪಾಠ ಹೇಳುವವನೇ. ಲೆಕ್ಕಪತ್ರ ಶಾಸ್ತ್ರವನ್ನೋ ಕಂಪನಿಯ ವಾರ್ಷಿಕ ವರದಿ ಓದುವ ಬಗೆಯನ್ನೋ ಕಲಿಸಿ ಶುಲ್ಕ ತೆಗೆದುಕೊಳ್ಳುವ ಉಪಾಧ್ಯಾಯನ ಮೇಲೆ ಯಾವ ಆಕ್ಷೇಪವೂ ಇಲ್ಲ. ಪಾಠವನ್ನು ಮಾರುವುದು ಒಂದು, ಫಲವನ್ನು ಮಾರುವುದು ಮತ್ತೊಂದು. ಎರಡನೆಯದರಲ್ಲಿಯೇ ಪರೀಕ್ಷೆ ಬೇಕಾಗುವುದು.

3. ಪ್ರಶಸ್ತಿಯೂ ಪ್ರಮಾಣವೂ

ವೇದಿಕೆಯ ಮೇಲಿನ ಸಾಕ್ಷಿಗಳನ್ನು ಹೇಗೆ ನಂಬಬೇಕು? ಇದಕ್ಕೆ ಕಲ್ಯಾಣದ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ. ಕಾಶ್ಮೀರದಿಂದ ಬಂದ ಬಿಲ್ಹಣನು ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದು ವಿಕ್ರಮಾಂಕದೇವಚರಿತವನ್ನು ಬರೆದನು. ವಿಕ್ರಮಾದಿತ್ಯನು ತನ್ನ ಅಣ್ಣ ಎರಡನೆಯ ಸೋಮೇಶ್ವರನನ್ನು ಸೆರೆಹಿಡಿದು ಪಟ್ಟವೇರಿದುದನ್ನು ಈ ಕವಿ ಶಿವನ ಆಜ್ಞೆಯಂತೆ ನಡೆದುದೆಂದು ವರ್ಣಿಸುತ್ತಾನೆ. ಕಾವ್ಯವು ಸೊಗಸಾಗಿದೆಯೆಂದು ನಾವು ಘಟನೆಯನ್ನೂ ಹಾಗೆಯೇ ಒಪ್ಪುವುದಿಲ್ಲ. ಬರೆದವನಿಗೆ ಅನ್ನವಿಕ್ಕಿದವರು ಯಾರು, ಸೋತ ಅಣ್ಣನ ಮಾತು ಎಲ್ಲಿ ಎಂದು ಕೇಳುತ್ತೇವೆ. ವೇದಿಕೆಗೆ ಬಂದು ತಾವು ಸಿರಿವಂತರಾದೆವೆನ್ನುವವರ ವಚನವೂ ಪ್ರಶಸ್ತಿಕಾವ್ಯದ ಜಾತಿಗೆ ಸೇರಿದುದು. ಅದೇ ಶಿಬಿರದಲ್ಲಿ ಕಲಿತು ಹಣ ಕಳೆದುಕೊಂಡವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಗೆದ್ದ ಮೂವರ ಹಿಂದೆ ಸೋತವರು ಮೂವರೋ ಮುನ್ನೂರೋ ಎಂಬುದು ತಿಳಿಯದಿದ್ದರೆ ಆ ಮೂವರ ಮಾತಿನಿಂದ ಯಾವ ನಿರ್ಣಯಕ್ಕೂ ಬರಲಾಗದು.

ಒಂದು ಪಕ್ಷದ ದಾಖಲೆ ಸಾಲದೆಂಬುದಕ್ಕೆ 1054ರ ಕೊಪ್ಪಂ ಕದನವೂ ಸಾಕ್ಷಿ. ಚೋಳ ರಾಜಾಧಿರಾಜನು ಆ ರಣದಲ್ಲಿ ಮಡಿದನು. ಚಾಲುಕ್ಯ ಶಾಸನಗಳು ಚೋಳನನ್ನು ಕೊಂದುದನ್ನು ಹೇಳುತ್ತವೆ. ಚೋಳ ಶಾಸನಗಳು ಅವನ ತಮ್ಮ ಎರಡನೆಯ ರಾಜೇಂದ್ರನು ಅಲ್ಲಿಯೇ ಜಯಿಸಿ ಪಟ್ಟಾಭಿಷಿಕ್ತನಾದನೆನ್ನುತ್ತವೆ. ಎರಡನ್ನೂ ಎದುರುಬದುರು ಇಟ್ಟು ನೋಡಿದವನಿಗಲ್ಲದೆ ಅಲ್ಲಿ ನಡೆದುದೇನೆಂಬುದು ಹೊಳೆಯುವುದಿಲ್ಲ. ಲಾಭದ ಚಿತ್ರವನ್ನು ತೋರಿಸುವವನನ್ನು ಕೂಡ, ಪೂರ್ಣ ಮೂರು ವರ್ಷಗಳ ಖಾತೆ ಎಲ್ಲಿ, ತೆರಿಗೆಯ ಲೆಕ್ಕ ಎಲ್ಲಿ, ಪರಿಶೋಧಿಸಿದವರು ಯಾರು ಎಂದು ಕೇಳುವುದು ಅವಿನಯವಲ್ಲ, ಆಕರಪರೀಕ್ಷೆ.

ಮುಂದೆ ಏರುವುದನ್ನೂ ಇಳಿಯುವುದನ್ನೂ ಬಲ್ಲೆವೆನ್ನುವವರ ಮಾತನ್ನು ಹೀಗೆ ಪರೀಕ್ಷಿಸಿದವರು ಹೊರದೇಶಗಳಲ್ಲಿಯೂ ಇದ್ದಾರೆ. ಅಮೆರಿಕದ ಆಲ್ಫ್ರೆಡ್ ಕೌಲ್ಸ್ ಎಂಬುವರು 1929ರ ಕುಸಿತದ ಹಿಂದು ಮುಂದಿನ ವರ್ಷಗಳಲ್ಲಿ ವೃತ್ತಿನಿರತ ಭವಿಷ್ಯಗಾರರು ಕೊಟ್ಟ ಸೂಚನೆಗಳನ್ನು ಒಟ್ಟುಗೂಡಿಸಿ, 1933ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅವರಿಗೆ ಮಾರುಕಟ್ಟೆಯನ್ನು ಮುಂಗಾಣುವ ಶಕ್ತಿಯಿರುವುದು ಸಂದೇಹಾಸ್ಪದವೆಂದು ಹೇಳಿದರು. ನಮ್ಮ ದೇಶದಲ್ಲಿ, ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದಾಗ ಮುಂಬಯಿಯಲ್ಲಿ ಷೇರುಗಳ ಹುಚ್ಚು ಹಬ್ಬಿತು. 1865ರಲ್ಲಿ ಯುದ್ಧ ಮುಗಿದೊಡನೆ ಆ ಕಟ್ಟಡ ಕುಸಿಯಿತು. ಬ್ಯಾಂಕ್ ಆಫ್ ಬಾಂಬೆಯೇ 1868ರಲ್ಲಿ ಮುಚ್ಚಿತು. ಅಂದಿನ ಮುಂಬಯಿಯಲ್ಲಿ ಚತುರರು ಕಡಮೆಯಿದ್ದರೆಂದು ಯಾರೂ ಹೇಳಲಾರರು.

4. ಲೆಕ್ಕದ ಪರೀಕ್ಷೆ

ಸಾಕ್ಷಿಗಳ ಪರೀಕ್ಷೆಯಾದ ಮೇಲೆ ಅಂಕಿಗಳ ಪರೀಕ್ಷೆ. ಇದಕ್ಕೆ ಗುಣಾಕಾರಕ್ಕಿಂತ ಹೆಚ್ಚಿನ ಗಣಿತವೇನೂ ಬೇಕಿಲ್ಲ.

ಶಿಬಿರಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು, ತಿಂಗಳಿಗೆ ಶೇಕಡಾ 5 ಸುಲಭವೆಂಬುದು. ಬಂದ ಲಾಭವನ್ನು ಅಸಲಿಗೆ ಸೇರಿಸುತ್ತ ಹೋದರೆ 1 ಲಕ್ಷ ರೂಪಾಯಿ ಹತ್ತು ವರ್ಷಗಳಲ್ಲಿ ಸುಮಾರು 3 ಕೋಟಿ 49 ಲಕ್ಷವಾಗಬೇಕು. ಇಪ್ಪತ್ತು ವರ್ಷಗಳಲ್ಲಿ 1,200 ಕೋಟಿಯನ್ನು ಮೀರಬೇಕು. ಇಂಥ ವಿದ್ಯೆಯನ್ನು ಬಲ್ಲವನಿಗೆ ಹೆದ್ದಾರಿಯ ಮಂಟಪದಲ್ಲಿ ತಲೆಗೆ 12,000 ರೂಪಾಯಿ ಸಂಗ್ರಹಿಸುವ ಕಷ್ಟವೇಕೆ? ಅವನ ಆದಾಯವು ಮಾರುಕಟ್ಟೆಯಿಂದ ಬರುತ್ತಿದೆಯೋ, ಮುಂದಿನ ಸಾಲಿನಲ್ಲಿ ಕುಳಿತವರಿಂದ ಬರುತ್ತಿದೆಯೋ ಎಂಬುದು ಇಲ್ಲಿಯೇ ವ್ಯಕ್ತವಾಗುತ್ತದೆ.

ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. 25,000 ರೂಪಾಯಿಯ ಶುಲ್ಕವನ್ನು ಕೊಡದೆ, ವರ್ಷಕ್ಕೆ ಶೇಕಡಾ 7ರಂತೆ ಬೆಳೆಯುವ ಭದ್ರವಾದ ಎಡೆಯಲ್ಲಿ ಇಟ್ಟರೆಂದು ಭಾವಿಸೋಣ. ಇಪ್ಪತ್ತು ವರ್ಷಗಳಲ್ಲಿ ಅದು ಸುಮಾರು 97,000 ಆಗುತ್ತದೆ. ಶಿಬಿರದ ನಿಜವಾದ ಬೆಲೆ ಇದು.

ಮೂರನೆಯದು ನಾಣ್ಯದ ಪ್ರಶ್ನೆ. ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಹುಮನಾಬಾದಿನಂಥ ಪೇಟೆಗಳಲ್ಲಿ ಬೆಲೆ ಕೇಳುವವನು ಯಾವ ರೂಪಾಯಿ ಎಂದೂ ಕೇಳಬೇಕಾಗುತ್ತಿದ್ದಿತು. ನಿಜಾಮರ ಹಾಲಿ ಸಿಕ್ಕಾ ಬೇರೆ, ಇಂಗ್ಲಿಷರ ಕಲ್ದಾರ್ ಬೇರೆ. ಸುಮಾರಾಗಿ ಏಳು ಹಾಲಿಗೆ ಆರು ಕಲ್ದಾರ್. ಆ ಎರಡು ನಾಣ್ಯಗಳ ಕಾಲ ಕಳೆಯಿತು. ಪ್ರಶ್ನೆ ಮಾತ್ರ ಉಳಿದಿದೆ. ಮೂವತ್ತು ವರ್ಷಗಳ ಅನಂತರ 1 ಕೋಟಿ ಕೈಸೇರುತ್ತದೆಂದು ಹೇಳುವವನನ್ನು, ಅದು ಯಾವ ರೂಪಾಯಿ ಎಂದು ಕೇಳಬೇಕು. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಅಂದಿನ 1 ಕೋಟಿಯ ಕೊಳ್ಳುವ ಶಕ್ತಿ ಇಂದಿನ ಸುಮಾರು 17 ಲಕ್ಷದಷ್ಟು. ಬೆಲೆಯೇರಿಕೆಯನ್ನು ಕಳೆಯದೆ ಹೇಳಿದ ವೃದ್ಧಿಯು ಅರ್ಧ ಸತ್ಯ.

5. ಕಾನೂನೂ ಅಂಕಿಅಂಶಗಳೂ

ಕೆಟ್ಟ ಹಣದ ಸಂಸ್ಥೆಗಳು ನಮಗೆ ಹೊಸವಲ್ಲ. ಒಂದೊಂದು ಪೆಟ್ಟಿನ ಅನಂತರ ಒಂದೊಂದು ಕಾನೂನು ಬಂದಿದೆ. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕೂ ಲಕ್ಷ್ಮಿ ಬ್ಯಾಂಕೂ ಬಿದ್ದವು. 1962ರಲ್ಲಿ ಠೇವಣಿ ವಿಮೆ ಪ್ರಾರಂಭವಾಯಿತು. ಆಗ ಅದರ ಮಿತಿ ಒಬ್ಬರಿಗೆ 1,500 ರೂಪಾಯಿ. 2020ರ ಫೆಬ್ರುವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ. ಜನರನ್ನು ಸೇರಿಸಿದಂತೆಲ್ಲ ಹಣ ಬರುವ ಸರಪಳಿ ಯೋಜನೆಗಳನ್ನು 1978ರ ಶಾಸನ ನಿಷೇಧಿಸಿತು. ಠೇವಣಿದಾರರ ರಕ್ಷಣೆಗೆ ಕರ್ನಾಟಕವು 2004ರಲ್ಲಿ ಶಾಸನ ಮಾಡಿತು; ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕೇಂದ್ರ ಶಾಸನ ನಿಷೇಧಿಸಿತು.

ಹೂಡಿಕೆಯ ಸಲಹೆಯನ್ನು ಹಣಕ್ಕೆ ಕೊಡುವವರು ಭಾರತೀಯ ಷೇರುಪತ್ರ ಮತ್ತು ವಿನಿಮಯ ಮಂಡಳಿಯಲ್ಲಿ, ಎಂದರೆ ಸೆಬಿಯಲ್ಲಿ, ನೋಂದಾಯಿಸಿಕೊಳ್ಳಬೇಕೆಂಬ ನಿಯಮ 2013ರಲ್ಲಿ ಬಂದಿತು. ಇದರಿಂದ ತಪ್ಪಿಸಿಕೊಳ್ಳಲು ಅನೇಕರು ತಮ್ಮ ಸಲಹೆಗೆ ಶಿಕ್ಷಣವೆಂದು ಹೆಸರಿಟ್ಟರು. 2023ರ ಅಕ್ಟೋಬರಿನಲ್ಲಿ ಸೆಬಿ ಹೊರಡಿಸಿದ ಒಂದು ಮಧ್ಯಂತರ ಆದೇಶವು ಇದಕ್ಕೆ ನಿದರ್ಶನ. ಶಿಕ್ಷಣದ ಹೆಸರಿನಲ್ಲಿ ಸಂಗ್ರಹಿಸಿದ 17 ಕೋಟಿ ರೂಪಾಯಿಗೂ ಮೇಲ್ಪಟ್ಟ ಹಣವನ್ನು ಠೇವಣಿಯಿಡಬೇಕೆಂದು ಅದು ಆಜ್ಞಾಪಿಸಿತು. ಅದೇ ಗುರುವಿನ ಸ್ವಂತ ವ್ಯವಹಾರದಲ್ಲಿ 2021ರಿಂದ 2023ರ ನಡುವೆ ಎರಡೂವರೆ ಕೋಟಿಗೂ ಹೆಚ್ಚು ನಷ್ಟವಾಗಿದ್ದುದು ಆ ಆದೇಶದಿಂದ ಹೊರಬಿದ್ದಿತು. ಪ್ರಶಸ್ತಿಯ ಪಕ್ಕದಲ್ಲಿ ಎದುರು ಪಕ್ಷದ ಶಾಸನ ದೊರೆತಂತಾಯಿತು.

ಶಿಬಿರಗಳಲ್ಲಿ ಹೆಚ್ಚಾಗಿ ಕಲಿಸುವುದು ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಾಯಿದೆ ವ್ಯವಹಾರವನ್ನು. ಅದರ ಫಲವೇನೆಂಬುದನ್ನು ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನವು ತಿಳಿಸುತ್ತದೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವ್ಯವಹಾರಕ್ಕೆ ಇಳಿದ 1 ಕೋಟಿಗೂ ಮಿಕ್ಕ ವ್ಯಕ್ತಿಗಳಲ್ಲಿ ಶೇಕಡಾ 93 ಮಂದಿಗೆ ನಷ್ಟವಾಯಿತು. ಸರಾಸರಿ ನಷ್ಟ ತಲೆಗೆ ಸುಮಾರು 2 ಲಕ್ಷ ರೂಪಾಯಿ. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಹೆಚ್ಚು. ವೇದಿಕೆಗೆ ಬಾರದವರ ಲೆಕ್ಕ ಇಲ್ಲಿದೆ.

6. ಸ್ವಂತ ಅಭ್ಯಾಸದ ಕ್ರಮ

ಹಾಗಾದರೆ ಹಣವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕುಳಿತುಕೊಳ್ಳಬೇಕೆ? ಬೆಲೆಯೇರಿಕೆ ಅದನ್ನು ಅಲ್ಲಿಯೂ ತಿನ್ನುತ್ತದೆ. ಕಲಿಯಲೇಬೇಕು, ಆದರೆ ಕಲಿಯುವ ಸಾಮಗ್ರಿ ಸಾರ್ವಜನಿಕವಾಗಿದೆ. ಸೆಬಿಯೂ ರಿಸರ್ವ್ ಬ್ಯಾಂಕೂ ತಮ್ಮ ಜಾಲತಾಣಗಳಲ್ಲಿ ಜನಸಾಮಾನ್ಯರಿಗೆ ತಿಳಿಯುವ ಪುಸ್ತಿಕೆಗಳನ್ನು ಬೆಲೆಯಿಲ್ಲದೆ ಒದಗಿಸುತ್ತವೆ. ಸೆಬಿಯ ‘ಸಾರಥಿ’ ಎಂಬ ಮೊಬೈಲು ಅನ್ವಯ 2022ರಲ್ಲಿ ಬಂದಿತು. ಠೇವಣಿ ಸಂಗ್ರಹಿಸುವವರಿಗೆ ಅನುಮತಿಯಿದೆಯೇ ಎಂದು ನೋಡಲು ರಿಸರ್ವ್ ಬ್ಯಾಂಕಿನ ‘ಸಚೇತ್’ ತಾಣವಿದೆ. ನೋಂದಾಯಿತ ಸಲಹೆಗಾರರ ಪಟ್ಟಿಯನ್ನು ಸೆಬಿಯ ತಾಣದಲ್ಲಿ ಯಾರಾದರೂ ನೋಡಬಹುದು. ಕಲಿಯುವ ಕ್ರಮವನ್ನು ಅನುಭವದಿಂದ ಹೀಗೆ ಸೂಚಿಸಬಹುದು.

ಮೊದಲು ಮನೆಯ ಜಮಾಖರ್ಚು. ಅದರಲ್ಲಿ ಸಾಲವಿದ್ದರೆ ಮೊದಲ ಹೂಡಿಕೆ ಅದರ ತೀರುವಳಿಯೇ. ನಮ್ಮ ಕಡೆ ಕೈಸಾಲಕ್ಕೆ ನೂರಕ್ಕೆ ಎರಡು, ಮೂರು ಎಂದು ಬಡ್ಡಿ ಹೇಳುವುದುಂಟು. ನೂರಕ್ಕೆ ಎರಡೆಂದರೆ ವರ್ಷಕ್ಕೆ ಶೇಕಡಾ 24. ಆ ಸಾಲವನ್ನು ತೀರಿಸಿದವನು ಯಾವ ಅಪಾಯವೂ ಇಲ್ಲದೆ ಶೇಕಡಾ 24 ಗಳಿಸಿದಂತೆ. ಮಿತಾಕ್ಷರೆಯ ನಿಯಮಕ್ಕೆ ಅಪವಾದವಾಗಿ ಹೆಚ್ಚಿನ ಲಾಭವೂ ಭದ್ರತೆಯೂ ಒಟ್ಟಿಗೆ ದೊರೆಯುವ ಎಡೆ ಇದೊಂದೇ.

ಎರಡನೆಯದು ಆಪದ್ಧನ. ಆರು ತಿಂಗಳ ಖರ್ಚಿನಷ್ಟು ಹಣ ಬೇಕೆಂದಾಗ ಸಿಕ್ಕುವಂತೆ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇರಬೇಕು. ಇಲ್ಲಿ ಒಂದು ಎಚ್ಚರ: ಮೇಲೆ ಹೇಳಿದ 5 ಲಕ್ಷದ ವಿಮೆಯು ವಾಣಿಜ್ಯ ಬ್ಯಾಂಕುಗಳಿಗೂ ಜಿಲ್ಲಾ ಕೇಂದ್ರ ಮತ್ತು ಪಟ್ಟಣ ಸಹಕಾರ ಬ್ಯಾಂಕುಗಳಿಗೂ ಉಂಟು, ಪ್ರಾಥಮಿಕ ಪತ್ತಿನ ಸಂಘಗಳಿಗೂ ಸೌಹಾರ್ದ ಪತ್ತಿನ ಸಹಕಾರಿಗಳಿಗೂ ಇಲ್ಲ. ಫಲಕದ ಮೇಲಿನ ಹೆಸರನ್ನು ಪೂರ್ತಿಯಾಗಿ ಓದಬೇಕು.

ಮೂರನೆಯದು ವಿಮೆ. ದುಡಿಯುವವನು ಅಕಾಲದಲ್ಲಿ ತೀರಿಕೊಂಡರೆ ಮನೆಯವರಿಗೆ ಹಣ ಬರುವಂತೆ ಮಾಡುವುದು ಅದರ ಕೆಲಸ. ಹಣ ಬೆಳೆಸುವುದು ಬೇರೆ ಕೆಲಸ. ಎರಡನ್ನೂ ಬೆರೆಸಿ ಮಾರುವ ಪತ್ರಗಳನ್ನು ಓದುವಾಗ ಯಾವುದಕ್ಕೆ ಎಷ್ಟು ಹೋಗುತ್ತಿದೆಯೆಂದು ಬೇರ್ಪಡಿಸಿ ನೋಡಬೇಕು.

ನಾಲ್ಕನೆಯದು ದೀರ್ಘಕಾಲದ ಉಳಿತಾಯ. 1968ರಿಂದ ನಡೆದುಬಂದಿರುವ ಸಾರ್ವಜನಿಕ ಭವಿಷ್ಯ ನಿಧಿಯಂಥವು ಒತ್ತೆಯ ಸಾಲದ ಪಂಕ್ತಿಗೆ ಸೇರಿದವು; ವೃದ್ಧಿ ಮಿತ, ಅಸಲು ಭದ್ರ. ಷೇರುಗಳು ಕಾಡಿನ ದಾರಿ. ಅಲ್ಲಿಗೆ ಹೋಗುವವನು ಹತ್ತು ಹದಿನೈದು ವರ್ಷ ಬೇಡದ ಹಣವನ್ನು ಮಾತ್ರ ಒಯ್ಯಬೇಕು. ಒಂದೊಂದು ಕಂಪನಿಯನ್ನು ಆರಿಸುವ ವ್ಯವಧಾನವಿಲ್ಲದವರಿಗೆ, ದೊಡ್ಡ ಕಂಪನಿಗಳೆಲ್ಲವನ್ನೂ ಸೂಚ್ಯಂಕದಲ್ಲಿರುವ ಪ್ರಮಾಣದಲ್ಲಿಯೇ ಕೊಳ್ಳುವ ಇಂಡೆಕ್ಸ್ ಫಂಡುಗಳುಂಟು. 2013ರ ಜನವರಿಯಿಂದ ಮ್ಯೂಚುಯಲ್ ಫಂಡುಗಳನ್ನು ದಲ್ಲಾಳಿಯಿಲ್ಲದೆ ನೇರವಾಗಿ ಕೊಳ್ಳಬಹುದು. ಖರ್ಚಿನ ಅಲ್ಪ ಅಂತರವೂ ಅಲ್ಪವಲ್ಲ: 1 ಲಕ್ಷ ರೂಪಾಯಿ ಇಪ್ಪತ್ತೈದು ವರ್ಷ ಶೇಕಡಾ 10ರಂತೆ ಬೆಳೆದರೆ ಸುಮಾರು 10.8 ಲಕ್ಷ, ಶೇಕಡಾ 1 ಖರ್ಚಿಗೆ ಹೋಗಿ 9ರಂತೆ ಬೆಳೆದರೆ 8.6 ಲಕ್ಷ. ಈ ದಾರಿಯ ಭಯವನ್ನೂ ಮರೆಯಬಾರದು. ಮುಂಬಯಿ ಸೂಚ್ಯಂಕವು 2008ರ ಜನವರಿಯಲ್ಲಿ 20,000ವನ್ನು ದಾಟಿದ್ದುದು ಅದೇ ನವೆಂಬರಿನಲ್ಲಿ 9,000ಕ್ಕಿಂತ ಕೆಳಗಿಳಿಯಿತು. ಹಿಂದಿನ ಎತ್ತರದ ಸಮೀಪಕ್ಕೆ ಬರಲು 2010ರ ಕೊನೆಯವರೆಗೆ ಕಾಯಬೇಕಾಯಿತು. ಕಾಯಬಲ್ಲವನಿಗೆ ಅದು ಕಾಡು, ಕಾಯಲಾರದವನಿಗೆ ಕಡಲು.

ಐದನೆಯದಾಗಿ, ಹಣ ತೊಡಗಿಸುವ ಮೊದಲು ಒಂದು ವರ್ಷ ಕಾಗದದ ಮೇಲೆ ವ್ಯವಹರಿಸಿ ನೋಡುವುದು ಒಳ್ಳೆಯದು. ಕೊಳ್ಳಬೇಕೆನಿಸಿದ ದಿನಾಂಕ, ಬೆಲೆ, ಕಾರಣ ಇವನ್ನು ಬರೆದಿಟ್ಟು ವರ್ಷಾಂತ್ಯಕ್ಕೆ ಓದಬೇಕು. ತನ್ನ ಊಹೆಗಳಲ್ಲಿ ಎಷ್ಟು ಸುಳ್ಳಾದವೆಂಬುದು ತನ್ನ ಕೈಬರಹದಲ್ಲಿಯೇ ಕಾಣುತ್ತದೆ. ಈ ಲೇಖಕನ ಮಟ್ಟಿಗೆ ಎರಡು ದಿನದ ಶಿಬಿರ ಕಲಿಸದುದನ್ನು ಹತ್ತು ರೂಪಾಯಿಯ ನೋಟುಪುಸ್ತಕ ಕಲಿಸಿತು.

ಸ್ವತಂತ್ರವಾಗಿ ಕಲಿಯುವುದೆಂದರೆ ಒಂಟಿಯಾಗಿ ಕಲಿಯುವುದೆಂದಲ್ಲ. ಇದಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯವನ್ನು ನಬಾರ್ಡ್ 1992ರಲ್ಲಿ ಪ್ರಾರಂಭಿಸಿತು. ಬೀದರ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು ಅದರಲ್ಲಿ ರಾಜ್ಯದ ಹೊರಗೂ ಹೆಸರು ಪಡೆಯಿತು. ಈ ಗುಂಪುಗಳಲ್ಲಿ ಹೆಣ್ಣುಮಕ್ಕಳು ಗೊತ್ತಾದ ದಿನ ಕೂಡುತ್ತಾರೆ. ಉಳಿತಾಯ, ಸಾಲ, ತೀರುವಳಿಗಳನ್ನು ಎಲ್ಲರ ಎದುರಿಗೆ ಪುಸ್ತಕಕ್ಕೆ ಏರಿಸುತ್ತಾರೆ. ಠರಾವಿಗೆ ಎಲ್ಲರೂ ಸಹಿ ಹಾಕುತ್ತಾರೆ. ಲೇಖ್ಯ ಪ್ರಕರಣದ ನಿಯಮಗಳು ಅದನ್ನು ಓದದವರ ಕೈಯಲ್ಲಿ ಹೀಗೆ ನಡೆಯುತ್ತಿವೆ. ಕಾಲೇಜಿನ ಅಧ್ಯಾಪಕರೂ ಪೇಟೆಯ ವರ್ತಕರೂ ಇದೇ ರೀತಿಯಲ್ಲಿ ತಿಂಗಳಿಗೊಮ್ಮೆ ಕೂಡಿ, ಒಂದು ವಾರ್ಷಿಕ ವರದಿಯನ್ನೋ ವಿಮಾಪತ್ರವನ್ನೋ ಸಾಲುಸಾಲಾಗಿ ಓದಿದರೆ ಶುಲ್ಕದ ಶಿಬಿರದ ಅಗತ್ಯ ಬೀಳದು.

7. ಉಪಸಂಹಾರ

ಮೇಲಿನ ವಿಚಾರಗಳಿಂದ ತಿಳಿದುಬರುವುದಿಷ್ಟು. ವೃದ್ಧಿಯೂ ಅಪಾಯವೂ ಜೊತೆಯಾಗಿಯೇ ಏರುತ್ತವೆಂಬುದನ್ನು ವಿಕ್ರಮಾದಿತ್ಯನ ಕಾಲದ ಕಲ್ಯಾಣ ಬಲ್ಲುದಾಗಿದ್ದಿತು. ಅದನ್ನು ಮರೆಯಿಸುವುದೇ ಧನಾರ್ಜನ ಶಿಬಿರದ ಕಸಬು. ಅದಕ್ಕೆ ಮದ್ದು ಮತ್ತೊಂದು ಗುಟ್ಟಲ್ಲ. ಯಾರು ಹೇಳಿದರು, ಅವರಿಗೇನು ಲಾಭ, ದಾಖಲೆ ಎಲ್ಲಿ, ಸೋತವರ ಮಾತು ಎಲ್ಲಿ ಎಂದು ಕೇಳುವ ಅಭ್ಯಾಸ. ಇತಿಹಾಸ ವಿಭಾಗಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಶಾಸನತಜ್ಞರಾಗುವುದಿಲ್ಲ. ಆದರೆ ಎಲ್ಲರೂ ಮುಂದೆ ಒಂದು ಮನೆಯ ಹಣಕ್ಕೆ ಹೊಣೆಗಾರರಾಗುತ್ತಾರೆ. ಆಕರಪರೀಕ್ಷೆಯ ಪಾಠದಲ್ಲಿ ಒಂದು ದಿನ ಬಿಲ್ಹಣನ ಜೊತೆಗೆ ಇಂಥ ಶಿಬಿರದ ಜಾಹೀರಾತನ್ನೂ ಇಟ್ಟು ಓದಿಸುವುದು ಉಚಿತ. ಈ ಲೇಖಕನು ಕಳೆದ ವರ್ಷದಿಂದ ಹಾಗೆ ಮಾಡುತ್ತಿದ್ದಾನೆ.

ಹುಮನಾಬಾದಿನ ಸಭೆಯಲ್ಲಿ ಪ್ರಶ್ನೆ ಕೇಳಿದ ಆ ಹಿರಿಯರು ಹೆಸರು ಬರೆಯಿಸದೆ ಎದ್ದು ಹೋದರು. ಅವರ ಊರು ಯಾವುದೆಂದು ವಿಚಾರಿಸಿಕೊಳ್ಳಲಿಲ್ಲವೆಂಬುದು ಈ ಲೇಖಕನಿಗೆ ಉಳಿದ ಕೊರತೆ. ಸಿಕ್ಕಿದ್ದರೆ, ಅಂದು ನಕ್ಕುದಕ್ಕೆ ಅವರ ಕ್ಷಮೆ ಕೇಳಬೇಕಾಗಿದ್ದಿತು.